ಸ್ಪೇನ್‌ಗೆ ಹೊರಟಿದ್ದೀರಾ? ಸ್ಪ್ಯಾನಿಶ್ ಅನ್ನು ಕನ್ನಡದಿಂದಲೇ ಕಲಿಯಿರಿ

ಓದಲೋ ಕೆಲಸಕ್ಕೋ ಮ್ಯಾಡ್ರಿಡ್‌ಗೆ ಹೊರಟವರಲ್ಲಿ ಹೆಚ್ಚಿನವರು ಮೊದಲು ಫೋನಿಗೆ ಭಾಷೆ ಕಲಿಸುವ ಆ್ಯಪ್ ಡುಯೊಲಿಂಗೊ ಹಾಕಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ನಮಗೆ ಸಿಗುವ ಪಾಠಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ಮೂಲಕ ಬರುತ್ತವೆ. ಕನ್ನಡದವರಿಗೆ ಅದು ಸುತ್ತು ದಾರಿ. ಸ್ಪ್ಯಾನಿಶ್‌ನ ಎಷ್ಟೋ ಸಂಗತಿಗಳು ಇಂಗ್ಲಿಷಿಗಿಂತ ನಮ್ಮ ಭಾಷೆಗೇ ಹತ್ತಿರ. ಹೊರಡಲು ಮೂರ್ನಾಲ್ಕು ತಿಂಗಳಿದ್ದರೆ ದಿನಕ್ಕೆ ಅರ್ಧ ಗಂಟೆ ಎತ್ತಿಡಿ. ಅಂಗಡಿ, ಬಸ್ಸಿನ ಮಟ್ಟಿಗೆ ಸಾಕಾಗುವಷ್ಟು ಭಾಷೆ ಬರುತ್ತದೆ.

ಮೊದಲು ಬಾಯಿ ತಿದ್ದಿಕೊಳ್ಳಿ

ಮೊದಲ ವಾರ ಬರೀ ಉಚ್ಚಾರ. ಕೇಳಿದ್ದನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಸ್ವರಗಳು ಐದೇ: ಆ, ಎ, ಇ, ಒ, ಉ. ಎಲ್ಲಿ ಬಂದರೂ ಅದೇ ದನಿ. ಟ, ಡ ಬಿಟ್ಟುಬಿಡಿ, ತ, ದ ಸಾಕು. ಟೊಮೇಟೊ ಅಲ್ಲಿ ‘ತೊಮಾತೆ’. ಎಚ್ ಅಕ್ಷರಕ್ಕೆ ದನಿಯೇ ಇಲ್ಲ, ಹಾಗಾಗಿ ನಮಸ್ಕಾರಕ್ಕೆ ‘ಓಲಾ’. ಎನ್ ಮೇಲೆ ಅಂಕುಡೊಂಕು ಗೆರೆ ಕಂಡರೆ ಅದು ನಮ್ಮ ‘ಞ’. ‘ರ’ದಲ್ಲಿ ಮಾತ್ರ ಹುಷಾರು: ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ಯೂಟ್ಯೂಬ್ ಪಾಠಗಳಲ್ಲಿ ಧನ್ಯವಾದಕ್ಕೆ ‘ಗ್ರಾಸಿಯಾಸ್’ ಎಂದು ಕೇಳಿದರೆ ಅದು ಹೆಚ್ಚಾಗಿ ಲ್ಯಾಟಿನ್ ಅಮೆರಿಕದ ಉಚ್ಚಾರ. ಮ್ಯಾಡ್ರಿಡ್‌ನಲ್ಲಿ ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ‘ಗ್ರಾಥಿಯಾಸ್’ ಅನ್ನುತ್ತಾರೆ.

ಆಮೇಲೆ ವಾಕ್ಯ

ಕನ್ನಡ ನಿಜಕ್ಕೂ ಕೈಹಿಡಿಯುವುದು ಇಲ್ಲಿ. ‘ಮನೇಲಿ ಕನ್ನಡ ಮಾತಾಡ್ತೀನಿ’ ಅನ್ನುವಾಗ ‘ನಾನು’ ಬೇಕಾಗಲ್ಲ ಅಲ್ವಾ? ಸ್ಪ್ಯಾನಿಶ್‌ನಲ್ಲೂ ಹಾಗೆಯೇ. ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಆಬ್ಲಾಸ್’ ಅಂದರೆ ಮಾತಾಡುತ್ತೀಯ. ಯಾರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇದೆ. ನೀನು–ನೀವು ಭೇದವೂ ಉಂಟು: ‘ತೂ’ ಮತ್ತು ‘ಉಸ್ತೇದ್’.

‘ಮೆ ಗುಸ್ತಾ ಎಲ್ ಕಫೇ’ ಅನ್ನುವುದು ಇಂಗ್ಲಿಷ್‌ನವರಿಗೆ ತಲೆನೋವು. ನಮಗೆ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ‘ಮೆ ದುಯೇಲೆ ಲಾ ಕಬೇಥಾ’ ಕೂಡ ಇದೇ ಜಾತಿ: ನನಗೆ ತಲೆ ನೋಯ್ತಿದೆ.

ಇಂಗ್ಲಿಷಿನ ‘ಈಸ್’ಗೆ ಸ್ಪ್ಯಾನಿಶ್‌ನಲ್ಲಿ ‘ಸೆರ್’, ‘ಎಸ್ತಾರ್’ ಎಂದು ಎರಡು ಕ್ರಿಯಾಪದ. ಇದಕ್ಕೊಂದು ಸುಲಭ ದಾರಿ ಇದೆ. ‘ಅವಳು ಟೀಚರ್’ ಅನ್ನುವಾಗ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ‘ಸೆರ್’. ‘ಅವಳು ಮನೆಯಲ್ಲಿದ್ದಾಳೆ’, ‘ಸುಸ್ತಾಗಿದ್ದಾಳೆ’ ಎಂದು ‘ಇರು’ ಬಂದರೆ ‘ಎಸ್ತಾರ್’. ಎಲ್ಲ ಕಡೆ ಹೊಂದುವುದಿಲ್ಲ, ಆರಂಭಕ್ಕೆ ಧಾರಾಳ ಸಾಕು.

ಕನ್ನಡ ಕೈಕೊಡುವುದು ಲಿಂಗದ ವಿಷಯದಲ್ಲಿ. ಅಲ್ಲಿ ಪುಸ್ತಕ ಗಂಡು, ಮೇಜು ಹೆಣ್ಣು. ಪದವನ್ನು ಒಂಟಿಯಾಗಿ ಕಲಿಯಬೇಡಿ. ‘ಎಲ್ ಲೀಬ್ರೊ’, ‘ಲಾ ಮೇಸಾ’ ಎಂದು ಜೋಡಿಯಾಗಿಯೇ ಉರು ಹೊಡೆಯಿರಿ.

ಮೊದಲ ತಿಂಗಳಿಗೆ ಬೇಕಾದ ಪದಗಳು

ಆರಂಭದ ಪಾಠಗಳಲ್ಲಿ ಬಣ್ಣ, ಪ್ರಾಣಿಗಳ ಹೆಸರೇ ಜಾಸ್ತಿ. ನಿಮಗೆ ತುರ್ತಾಗಿ ಬೇಕಾಗುವುದು ಬೇರೆ. ‘ಥೀತಾ ಪ್ರೆವಿಯಾ’ ಅಂದರೆ ಸರ್ಕಾರಿ ಕಚೇರಿಗೆ ಮುಂಗಡವಾಗಿ ಪಡೆಯುವ ಸಮಯ. ‘ಎಂಪಾದ್ರೊನಾಮಿಯೆಂತೊ’ ಅಂದರೆ ನಿಮ್ಮ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸುವುದು. ‘ತಿಯೆ’ ವಿದೇಶಿಯರ ಗುರುತಿನ ಚೀಟಿ. ‘ಫಿಯಾಂಥಾ’ ಬಾಡಿಗೆ ಮನೆಯ ಅಡ್ವಾನ್ಸ್. ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನವನ್ನು ಸ್ಪ್ಯಾನಿಶ್‌ನಲ್ಲಿ ತಡವರಿಸದೆ ಹೇಳಲು ರೂಢಿ ಮಾಡಿಕೊಳ್ಳಿ.

ಸಸ್ಯಾಹಾರಿಗಳು ಇದನ್ನು ಬಾಯಿಪಾಠ ಮಾಡಲೇಬೇಕು: ‘ನೊ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್’. ಮಾಂಸ, ಮೀನು, ಹಂದಿ ಮಾಂಸದ ಹ್ಯಾಮ್ ಯಾವುದನ್ನೂ ತಿನ್ನುವುದಿಲ್ಲ ಎಂದರ್ಥ. ಸುಮ್ನೆ ಸೊಪ್ಪು-ತರಕಾರಿ ಅಂದುಕೊಂಡು ‘ಎನ್ಸಲಾದಾ ಮಿಕ್ಸ್ತಾ’ ತರಿಸಿದರೆ ಮೇಲೆ ಟ್ಯೂನಾ ಮೀನು ಇರುವುದೇ ಹೆಚ್ಚು. ‘ಸಿನ್ ಆತೂನ್’, ಅಂದರೆ ಟ್ಯೂನಾ ಬೇಡ ಎಂದು ಮೊದಲೇ ಹೇಳಿ.

ಕ್ಲಾಸು, ಪರೀಕ್ಷೆ

ಸ್ಪೇನ್ ಸರ್ಕಾರದ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್‌ನ ಕೇಂದ್ರ ದೆಹಲಿಯಲ್ಲಿದೆ. ಮನೆಯಲ್ಲೇ ಕೂತು ಕಲಿಯುವ ಆನ್‌ಲೈನ್ ಕೋರ್ಸೂ ಇದೆ. ಸ್ಪ್ಯಾನಿಶ್ ಎಷ್ಟು ಬರುತ್ತದೆ ಎಂದು ಅಳೆಯುವ ಡೆಲೆ ಪರೀಕ್ಷೆಯಲ್ಲಿ ಎ1ರಿಂದ ಸಿ2ರವರೆಗೆ 6 ಹಂತ. ಮುಂದೆ ಅಲ್ಲಿನ ಪೌರತ್ವ ಕೇಳುವ ಭಾರತೀಯರಿಗೆ ಎ2 ಬೇಕಾಗುತ್ತದೆ, ಅದಕ್ಕೆ ಈಗಲೇ ಅವಸರವಿಲ್ಲ.

ಬಾರ್ಸಿಲೋನಾಗೆ ಹೋಗುವವರು ಒಂದು ಗಮನಿಸಿ. ಅಲ್ಲಿ ಕ್ಯಾಟಲಾನ್ ಕೂಡ ಅಧಿಕೃತ ಭಾಷೆ, ಶಾಲೆಗಳಲ್ಲಿ ಅದೇ ಮುಖ್ಯ. ಮಕ್ಕಳನ್ನು ಕರೆದೊಯ್ಯುತ್ತಿದ್ದರೆ ಅವರಿಗೆ ‘ಬೊನ್ ದಿಯಾ’ದಿಂದ, ಅಂದರೆ ಕ್ಯಾಟಲಾನ್‌ನ ಶುಭೋದಯದಿಂದ, ಶುರು ಮಾಡಿಸಿ.