ಮಗ್ಗುಲು ಬದಲಿಸಲು ಒಂದು ಮೀಟರ್ ಸಾಟಿನ್

ಉಡುಪಿಯಲ್ಲಿ ನಲವತ್ತು ವರ್ಷ ಟೈಲರ್ ಆಗಿದ್ದೆ. ಪಾರ್ಕಿನ್ಸನ್ ಎಂಬ ನರದ ಕಾಯಿಲೆ ಅಂತ ಗೊತ್ತಾಗಿ ಈಗ 8 ವರ್ಷ. ಎಲ್ಲರೂ ಕೈ ನಡುಕದ ಬಗ್ಗೆಯೇ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಅದು ನನಗೆ ಅಷ್ಟು ಕಾಟ ಕೊಟ್ಟಿಲ್ಲ. ಸುಮ್ನೆ ಕೂತಾಗ ಬಲಗೈ ನಡುಗುತ್ತದೆ, ಕತ್ತರಿ ಹಿಡಿದರೆ ಕಡಿಮೆಯಾಗುತ್ತದೆ. ನನ್ನನ್ನು ಹೈರಾಣ ಮಾಡಿದ್ದು ರಾತ್ರಿ.

ಹತ್ತಕ್ಕೆ ಮಲಗಿದರೆ ಒಂದೂವರೆಗೆ ಎಚ್ಚರ. ಮೈಯೆಲ್ಲ ಮರದ ಕೊರಡು. ಎಡಕ್ಕೆ ಹೊರಳಬೇಕು, ಆಗುವುದಿಲ್ಲ. ಹೆಂಡತಿಯನ್ನು ಎಬ್ಬಿಸಿದರೆ ಅವಳು ಪಾಪ, ಸೊಂಟಕ್ಕೆ ಕೈ ಕೊಟ್ಟು ತಿರುಗಿಸುತ್ತಿದ್ದಳು. ರಾತ್ರಿಗೆ ಮೂರು ಸಲ, ನಾಲ್ಕು ಸಲ. ಪರಿಚಯದವರೊಬ್ಬರು ತಮ್ಮ ನಿದ್ದೆ ಮಾತ್ರೆ ಕೊಟ್ಟರು. ಬುದ್ಧಿ ಇಲ್ಲದೆ ನುಂಗಿದೆ. ನಿದ್ದೆ ಬಂತು, ಆದರೆ ಮೂತ್ರಕ್ಕೆ ಎದ್ದವನು ಬಚ್ಚಲ ಹೊಸ್ತಿಲಲ್ಲಿ ಬಿದ್ದೆ. ಹುಬ್ಬಿನ ಮೇಲೆ ಮೂರು ಹೊಲಿಗೆ. ಟೈಲರನಿಗೇ ಹೊಲಿಗೆ ಹಾಕಿದರು ನೋಡಿ.

ಆಗ ನರರೋಗದ ಡಾಕ್ಟರು ಒಂದು ಮಾತು ಹೇಳಿದರು. "ನಿದ್ದೆ ಬರುವುದಿಲ್ಲ ಅಂದರೆ ನನಗೆ ಎಂತ ಗೊತ್ತಾಗುತ್ತದೆ? ಎಷ್ಟು ಗಂಟೆಗೆ ಎಚ್ಚರ ಆಯಿತು, ಯಾಕೆ ಆಯಿತು, ಬರೆದು ತನ್ನಿ."

ಅಂಗಡಿಯ ಹಳೆಯ ಅಳತೆ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಎದೆ, ಸೊಂಟ, ತೋಳು ಬರೆಯುವ ಜಾಗದಲ್ಲಿ ಮಾತ್ರೆಯ ಹೊತ್ತು, ಊಟದ ಹೊತ್ತು, ಎಚ್ಚರದ ಹೊತ್ತು ಬರೆದೆ. ಈ ಕಾಯಿಲೆಯಲ್ಲಿ ಅಕ್ಷರ ಬರೆಯುತ್ತಾ ಹೋದಂತೆ ಸಣ್ಣದಾಗುತ್ತದೆ. ಹಾಳೆಯ ಕೊನೆಗೆ ಇರುವೆ ಸಾಲು. ಡಾಕ್ಟರು ಭೂತಗನ್ನಡಿ ಹಿಡಿದು ಓದಿದರು.

ಎರಡು ವಾರದಲ್ಲಿ ಒಂದು ವಿಷಯ ಕಂಡಿತು. ಬಂಗುಡೆ ಸಾರು ಉಂಡ ರಾತ್ರಿ ನನ್ನ ಸ್ಥಿತಿ ಜಾಸ್ತಿ ಕೆಟ್ಟಿರುತ್ತಿತ್ತು. ಕಾರಣ ಉಂಟು. ನಾನು ತೆಗೆದುಕೊಳ್ಳುವುದು ಲೆವೊಡೋಪಾ, ಕಾರ್ಬಿಡೋಪಾ ಸೇರಿದ ಮಾತ್ರೆ. ಮೀನು, ಬೇಳೆ, ಹಾಲಿನ ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲೂ ಮಿದುಳಿನ ಹತ್ತಿರವೂ ಒಂದೇ ಬಾಗಿಲಿನಿಂದ ಒಳಗೆ ಹೋಗಬೇಕು. ಬಂಗುಡೆ ಮೊದಲು ನುಗ್ಗಿದರೆ ಮಾತ್ರೆ ಹೊರಗೆ ಬಾಕಿ. ನಾನು ಉಣ್ಣುತ್ತಾ ಉಣ್ಣುತ್ತಾ ಮಾತ್ರೆ ನುಂಗುತ್ತಿದ್ದೆ! ಈಗ ಊಟಕ್ಕೆ ಅರ್ಧ ಗಂಟೆ ಮೊದಲು, ಬರೀ ನೀರಿನ ಜೊತೆ. ಮೀನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಇನ್ನೊಂದು, ಎಂಟು ಗಂಟೆಯ ಮಾತ್ರೆಯ ಬಲ ನಡುರಾತ್ರಿಯ ಹೊತ್ತಿಗೆ ಮುಗಿದಿರುತ್ತಿತ್ತು. ಅದಕ್ಕೆ ಮಲಗುವಾಗ ನಿಧಾನವಾಗಿ ಕರಗುವ ಮಾತ್ರೆ ಸೇರಿಸಿದರು. ನುಂಗಲು ಕಷ್ಟ ಅಂತ ಹೆಂಡತಿ ಅದನ್ನು ಪುಡಿ ಮಾಡಿ ಗಂಜಿ ತಿಳಿಯಲ್ಲಿ ಕಲಸಿ ಕೊಟ್ಟಳು. ನಾಲ್ಕು ದಿನ ಏನೂ ಪ್ರಯೋಜನ ಇಲ್ಲ. ಪುಡಿ ಮಾಡಿದರೆ ನಿಧಾನ ಎಲ್ಲಿ ಉಳಿಯಿತು, ಅಲ್ವಾ? ಇದೇ ಕಾಯಿಲೆಗೆ ಕೊಟ್ಟಿದ್ದ ಇನ್ನೊಂದು ಮಾತ್ರೆ, ಸಂಜೆಯ ಅಮಾಂಟಡಿನ್, ಮಧ್ಯಾಹ್ನಕ್ಕೆ ಹೋಯಿತು, ಅದು ನಿದ್ದೆ ಕೆಡಿಸಬಲ್ಲದಂತೆ. ಇದೆಲ್ಲ ಡಾಕ್ಟರು ಬದಲಿಸಿದ್ದು, ನಾನಲ್ಲ. ಮಾತ್ರೆ ತಟ್ಟನೆ ಬಿಟ್ಟರೆ ಮೈ ಸೆಟೆದು ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು ಅಂತ ಮೊದಲ ದಿನವೇ ಹೆದರಿಸಿದ್ದರು.

ಸಾಟಿನ್ ಉಪಾಯ ಫಿಸಿಯೋಥೆರಪಿಯ ಹುಡುಗಿ ಹೇಳಿದ್ದು. ಜಾರುವ ಬಟ್ಟೆಯ ಮೇಲೆ ಮಲಗಿದರೆ ಹೊರಳುವುದು ಸುಲಭ. ಆದರೆ ಪೂರ್ತಿ ಹಾಸಿಗೆಗೆ ಸಾಟಿನ್ ಹಾಕಿದರೆ ಕಾಲಿಗೆ ಹಿಡಿತ ಸಿಗದೆ ಮನುಷ್ಯನೇ ಕೆಳಗೆ ಜಾರುತ್ತಾನೆ. ಭುಜದಿಂದ ಸೊಂಟದ ಕೆಳಗಿನವರೆಗೆ ಸಾಟಿನ್, ಕಾಲಿನ ಕಡೆ ಹತ್ತಿ. ಬ್ಲೌಸಿಗೆ ತಂದು ಉಳಿದಿದ್ದ ನೀಲಿ ಸಾಟಿನ್ ಒಂದು ಮೀಟರ್ ಇತ್ತು. ಬೆಡ್‌ಶೀಟಿನ ಮಧ್ಯಕ್ಕೆ ನಾನೇ ಹೊಲಿದೆ. ಮೊದಲಾದರೆ ಇಪ್ಪತ್ತು ನಿಮಿಷದ ಕೆಲಸ, ಈಗ ಮೂರು ದಿನ ಹಿಡಿಯಿತು. ಅಂಚು ಮಡಚುವಾಗ ಸಾಟಿನ್ ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. ಹೊಲಿಗೆ ಒಂದು ಕಡೆ ಸೊಟ್ಟ. ಮಂಡಿ ಮಡಚಿ, ತಲೆ ತಿರುಗಿಸಿ, ಕೈಯನ್ನು ಆಚೆ ಎಸೆದರೆ ಸೊಂಟ ತಾನಾಗಿ ಹಿಂದೆ ಬರುತ್ತದೆ. ಮೊದಲ ರಾತ್ರಿ ನಾನೇ ಹೊರಳಿದಾಗ ಹೆಂಡತಿ ಗಾಬರಿಯಿಂದ ಎದ್ದು ಕೂತಳು.

ಕನಸಿನ ಕಥೆ ಬೇರೆ. ಒಂದು ರಾತ್ರಿ ದೊಂದಿ ಹಿಡಿದು ಮಹಿಷಾಸುರ ನನ್ನ ಅಂಗಡಿಗೇ ನುಗ್ಗಿದ. ನಾನು ಗುದ್ದಿದೆ. ಗುದ್ದು ಬಿದ್ದದ್ದು ಹೆಂಡತಿಯ ಭುಜಕ್ಕೆ. ಕನಸಿನಲ್ಲಿ ಕೈಕಾಲು ಆಡಿಸುವುದೂ ಈ ಕಾಯಿಲೆಯದ್ದೇ, ಕೆಲವರಲ್ಲಿ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗುತ್ತದೆ ಎಂದರು ಡಾಕ್ಟರು. "ಮಗಳ ಮದುವೆಗೂ ಮೊದಲೇ ನೀವು ಒದೆಯುತ್ತಿದ್ದಿರಿ" ಎಂದಳು ಇವಳು. ಮಗಳ ಮದುವೆಯಾಗಿ 13 ವರ್ಷ. ಈಗ ಅದಕ್ಕೆ ಮೆಲಟೋನಿನ್ ಎಂಬ ಮಾತ್ರೆ ಕೊಟ್ಟಿದ್ದಾರೆ, ಗುದ್ದು ಕಡಿಮೆಯಾಗಿದೆ. ಮೂಲೆ ಚೂಪಾದ ಮೇಜು ಪಡಸಾಲೆಗೆ ಹೋಯಿತು. ಇವಳ ಮಂಚ ಒಂದು ಮಾರು ಆಚೆ.

ನಾಲ್ಕಕ್ಕೆ ಎಚ್ಚರವಾಗುವುದು ಮಾತ್ರ ನಿಂತಿಲ್ಲ. ಎಡಗಾಲಿನ ಹೆಬ್ಬೆರಳು ಸೆಟೆದು ಮೇಲಕ್ಕೆ ಏಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಕೆಂಪು ಚುಕ್ಕೆ ಇಡುತ್ತಿದ್ದೇನೆ. ಈ ತಿಂಗಳಲ್ಲಿ ಹನ್ನೊಂದಾಗಿದೆ. ಬರುವ ಮಂಗಳವಾರ ತೋರಿಸಬೇಕು.