ದುಂಡು ಮುಖ, ಕೋಲು ಮುಖ: ಮದುವೆ ಹೆಣ್ಣಿನ ಅಲಂಕಾರದಲ್ಲಿ ನನ್ನ ಅನುಭವ

ಮದುವೆಗೆ ಮುಂಚೆ ಒಂದು ಸಲ ಮೇಕಪ್ ಹಚ್ಚಿ ನೋಡುವ ಟ್ರಯಲ್‌ಗೆ ಬರುವ ಹುಡುಗಿಯರು ಸಾಮಾನ್ಯವಾಗಿ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. "ಅಕ್ಕಾ, ನಂದು ರೌಂಡ್ ಫೇಸ್. ಕೆನ್ನೆ ಕಮ್ಮಿ ಕಾಣೋ ಹಾಗೆ ಮಾಡಿ." ಹೇಗೆ ಗೊತ್ತಾಯ್ತಮ್ಮಾ ಅಂದರೆ ಮೊಬೈಲ್ ತೆಗೆದು ಸೆಲ್ಫಿ ತೋರಿಸುತ್ತಾರೆ. ಕೈ ಚಾಚಿ ತೆಗೆದ ಫೋಟೋದಲ್ಲಿ ಮೂಗು ಇರುವುದಕ್ಕಿಂತ ದೊಡ್ಡದಾಗಿ ಬರುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಕೆಲವು ಫೋನುಗಳಲ್ಲಿ ಎಡಬಲವೂ ಅದಲುಬದಲು. ಅದನ್ನು ನೋಡಿ ಮುಖದ ಆಕಾರ ಹೇಳುವುದಕ್ಕೆ ಆಗುವುದಿಲ್ಲ.

ನಾನು ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುವವಳು. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆ ಜಾಸ್ತಿ ಓಡಾಟ, ಆಗಾಗ ಉಡುಪಿ ಕಡೆಗೂ. ಮುಖದ ಆಕಾರ ನೋಡುವುದು ನನ್ನ ಮೊದಲ ಕೆಲಸ. ಕೂದಲನ್ನೆಲ್ಲ ಹೇರ್‌ಬ್ಯಾಂಡ್ ಹಾಕಿ ಹಿಂದಕ್ಕೆ ತೆಗೆಯುತ್ತೇನೆ. ಕಿಟಕಿಗೆ ಎದುರಾಗಿ ಕೂರಿಸಿ, ಐದಾರು ಅಡಿ ದೂರ ನಿಂತು, ಫೋನನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಂದಿನ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ಫೋಟೋ. ಆಮೇಲೆ ಆ ಫೋಟೋದ ಮೇಲೆ ನಾಲ್ಕು ಅಳತೆ: ಹಣೆಯ ಅಗಲ, ಕೆನ್ನೆ ಮೂಳೆಯ ಅಗಲ, ದವಡೆಯ ಅಗಲ, ಕೂದಲಿನ ಅಂಚಿನಿಂದ ಗಲ್ಲದವರೆಗಿನ ಉದ್ದ. ಟೇಪನ್ನು ಮುಖದ ಮೇಲೇ ಇಟ್ಟರೆ ಕೆನ್ನೆಯ ಉಬ್ಬು ಸೇರಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಫೋಟೋ.

ಉದ್ದವು ಅಗಲದ ಒಂದೂವರೆ ಪಟ್ಟಿನ ಹತ್ತಿರ ಇದ್ದು ಗಲ್ಲದ ಕಡೆ ಸಣ್ಣಗಾಗಿದ್ದರೆ ಮೊಟ್ಟೆ ಆಕಾರ. ಉದ್ದ, ಅಗಲ ಹೆಚ್ಚುಕಡಿಮೆ ಸಮ ಇದ್ದು ದವಡೆ ಬಾಗಿದ್ದರೆ ದುಂಡು, ದವಡೆಯ ಮೂಲೆ ಎದ್ದು ಕಂಡರೆ ಚೌಕ. ಹಣೆ ಅಗಲ, ಗಲ್ಲ ಚೂಪು ಇದ್ದರೆ ಹಾರ್ಟ್ ಶೇಪ್. ಉದ್ದವೇ ಮೇಲುಗೈ ಆದರೆ ಕೋಲು ಮುಖ. ಹೇಳುವುದಕ್ಕೆ ಸುಲಭ. ನನ್ನ ಮುಂದೆ ಕೂತವರಲ್ಲಿ ಮುಕ್ಕಾಲು ಪಾಲು ಎರಡು ಆಕಾರ ಬೆರೆತವರೇ. ಹಾಗಾಗಿ ಹೆಸರು ಇಡುವ ಗೋಜಿಗೆ ನಾನು ಹೋಗುವುದಿಲ್ಲ. ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ಮಾತ್ರ ಬರೆದುಕೊಳ್ಳುತ್ತೇನೆ.

ಯಾವ ಆಕಾರದ ಮುಖಕ್ಕೆ ಯಾವ ಮೇಕಪ್ ಅಂತ ಹೇಳುವ ಇಂಟರ್ನೆಟ್ ಚಾರ್ಟುಗಳ ಬಗ್ಗೆ ನನ್ನದೊಂದು ತಕರಾರಿದೆ. ಅವೆಲ್ಲ ಬರೀ ಮುಖಕ್ಕೆ ಮಾಡಿದ್ದು. ನಮ್ಮ ಮದುವೆ ಹೆಣ್ಣಿನ ಮುಖ ಮುಹೂರ್ತದ ಹೊತ್ತಿಗೆ ಬರೀ ಇರುತ್ತದಾ? ಬೈತಲೆ ಬೊಟ್ಟು, ಅಕ್ಕಪಕ್ಕ ಸೂರ್ಯ ಚಂದ್ರ, ಕಿವಿಯಿಂದ ಕೂದಲಿಗೆ ಮಾಟಿ, ಜುಮಕಿ, ಮೂಗುಬೊಟ್ಟು, ಮೇಲೆ ಹೂವು. ಬಾಸಿಂಗ ಕಟ್ಟುವ ಮನೆಯಾದರೆ ಅರ್ಧ ಹಣೆಯೇ ಮಾಯ. ಕೋಲು ಮುಖದ ಹುಡುಗಿಗೆ ಬಾಸಿಂಗ ಕಟ್ಟಿದ ತಕ್ಷಣ ಮುಖ ಗಿಡ್ಡವಾಗಿ ಹದಕ್ಕೆ ಬರುತ್ತದೆ. ಅಲ್ಲಿ ಹಣೆಗೆ ಕಾಂಟೂರ್, ಅಂದರೆ ನೆರಳಿನ ಹಾಗೆ ಕಾಣುವ ಗಾಢ ಬಣ್ಣ, ಬಳಿಯುವುದು ಸುಮ್ನೆ ದಂಡ. ಅದೇ ದುಂಡು ಮುಖಕ್ಕೆ ಬಾಸಿಂಗ ಬಂದರೆ ಕೆನ್ನೆ ಇನ್ನಷ್ಟು ಅಗಲ ಕಾಣುತ್ತದೆ. ಆಗ ಎತ್ತರ ಕೊಡುವ ಕೆಲಸವನ್ನು ತಲೆಗೂದಲಿಗೇ ಬಿಡಬೇಕು.

ಹೀಗಾಗಿ ನನ್ನ ಕ್ರಮ ತಿರುಗುಮುರುಗು. ಮೊದಲು ಒಡವೆ, ಆಮೇಲೆ ಬೈತಲೆ ಮತ್ತು ಹೂವು, ಕಾಂಟೂರ್ ಎಲ್ಲಕ್ಕಿಂತ ಕೊನೆಗೆ. ಬ್ರಷ್ಷಿನಲ್ಲಿ ಅರ್ಧ ಗಂಟೆ ಒದ್ದಾಡಿ ತರುವ ಬದಲಾವಣೆಯನ್ನು ನೆತ್ತಿಯ ಮೇಲೆ ಕೂದಲು ಉಬ್ಬಿಸಿದ ಅರ್ಧ ಇಂಚು ಪಫ್ ತಂದುಬಿಡುತ್ತದೆ.

ಇನ್ನೊಂದು ವಿಷಯ ಕ್ಯಾಮೆರಾ. ಇದನ್ನು ಯಾವ ಚಾರ್ಟೂ ಹೇಳುವುದಿಲ್ಲ. ಮುಹೂರ್ತದಲ್ಲಿ ಹೆಣ್ಣು ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತಿರುತ್ತಾಳೆ, ಫೋಟೋದವರು ನಿಂತಿರುತ್ತಾರೆ. ಮೇಲಿನಿಂದ ತೆಗೆದಾಗ ಹಣೆ ಅಗಲವಾಗುತ್ತದೆ, ಗಲ್ಲ ಸಣ್ಣದಾಗುತ್ತದೆ, ಬೈತಲೆಯ ಗೆರೆ ಎದ್ದು ಕಾಣುತ್ತದೆ. ಬೈತಲೆ ಹತ್ತಿರ ಕೂದಲು ತೆಳುವಿದ್ದರೆ ಆ ಜಾಗಕ್ಕೆ ಕೂದಲಿನ ಬಣ್ಣದ್ದೇ ಪೌಡರ್ ಒತ್ತುತ್ತೇನೆ. ಆರತಕ್ಷತೆಯಲ್ಲಿ ಇದು ಉಲ್ಟಾ. ಹೆಣ್ಣು ಸ್ಟೇಜ್ ಮೇಲೆ ನಿಂತಿರುತ್ತಾಳೆ, ಕ್ಯಾಮೆರಾ ಕೆಳಗಿರುತ್ತದೆ. ಗಲ್ಲದ ಕೆಳಗಿನ ಮಡಿಕೆ, ದವಡೆ ಎಲ್ಲ ಕಾಣುತ್ತದೆ. ಎದುರಿನಿಂದ ಬೀಳುವ ಲೈಟಿಗೆ ಮುಖದ ಏರುತಗ್ಗು ಅಳಿಸಿ ಚಪ್ಪಟೆಯಾಗುತ್ತದೆ. ಅದಕ್ಕೆ ಮುಹೂರ್ತಕ್ಕೆ ನನ್ನ ಗಮನವೆಲ್ಲ ಹಣೆ, ನೆತ್ತಿ, ಹುಬ್ಬಿನ ಮೇಲೆ. ಆರತಕ್ಷತೆಗೆ ದವಡೆ, ಕೆನ್ನೆಯ ಮೇಲೆ. ಒಂದೇ ಹುಡುಗಿಗೆ ಒಂದೇ ಥರದ ಮೇಕಪ್ಪನ್ನು ಎರಡೂ ಹೊತ್ತಿಗೆ ಮಾಡಿದರೆ ಒಂದು ಆಲ್ಬಮ್ ಕೆಟ್ಟಿತು ಅಂತಲೇ ಲೆಕ್ಕ.

ಕೂದಲ ವಿಷಯಕ್ಕೆ ಬರೋಣ. ಬೈತಲೆ ಬೊಟ್ಟು ಇಟ್ಟ ಮೇಲೆ ನಡು ಬೈತಲೆ ಬಿಟ್ಟು ಬೇರೆ ದಾರಿ ಇಲ್ಲ. ದುಂಡು ಮುಖಕ್ಕೆ ಅದು ಒಳ್ಳೆಯದೇ, ಮಧ್ಯೆ ಒಂದು ಉದ್ದ ಗೆರೆ ಸಿಕ್ಕಿತು. ನೆತ್ತಿಯ ಮೇಲೆ ಸ್ವಲ್ಪ ಎತ್ತರ ಕೊಟ್ಟು, ಕಿವಿಯ ಮೇಲೆ ಕೂದಲನ್ನು ಚಪ್ಪಟೆಯಾಗಿ ಬಾಚುತ್ತೇನೆ. ಮೊಗ್ಗಿನ ಜಡೆಯನ್ನು ಫೋಟೋಗೆ ಭುಜದ ಮೇಲಿಂದ ಮುಂದಕ್ಕೆ ಹಾಕಿದರೆ ಕತ್ತಿನ ಪಕ್ಕ ಇನ್ನೊಂದು ಉದ್ದ ಗೆರೆ. ಉಡುಪಿ ಕಡೆ ಮಲ್ಲಿಗೆಯನ್ನು ಎರಡೂ ಪಕ್ಕ ಭುಜದವರೆಗೆ ಇಳಿಬಿಡುವ ರೂಢಿ ಇದೆಯಲ್ಲ, ದುಂಡು ಮುಖಕ್ಕೆ ಅದಕ್ಕಿಂತ ಒಳ್ಳೆಯ ಕಾಂಟೂರ್ ನಾನು ನೋಡಿಲ್ಲ. ಕೆನ್ನೆಯ ಎರಡೂ ಅಂಚು ಹೂವಿನ ಹಿಂದೆ ಹೋಗುತ್ತದೆ.

ಕೋಲು ಮುಖಕ್ಕೆ ಪಫ್ ಬೇಡವೇ ಬೇಡ. ನೆತ್ತಿ ಚಪ್ಪಟೆ ಇರಲಿ, ಕಿವಿಯ ಸುತ್ತ ಕೂದಲು ಸಡಿಲವಾಗಿ ತುಂಬಿಕೊಳ್ಳಲಿ. ಹೂವನ್ನು ತಲೆಯ ಮೇಲೆ ಕಿರೀಟದ ಹಾಗೆ ಸುತ್ತುವ ಬದಲು ತುರುಬಿನ ಎರಡೂ ಬದಿ ಅಗಲವಾಗಿ, ಎದುರಿನಿಂದ ಕಾಣುವ ಹಾಗೆ ಮುಡಿಸುತ್ತೇನೆ. ಹಣೆ ಅಗಲ ಇರುವವರಿಗೆ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಎಳೆಯುವುದಿಲ್ಲ. ಎರಡೂ ಕಡೆ ಸಣ್ಣ ಅಲೆ ಬಿಟ್ಟು ಹಣೆಯ ಮೂಲೆ ಮುಚ್ಚಿ, ಅಲ್ಲೇ ಪಿನ್ನು ಹಾಕಿಬಿಡುತ್ತೇನೆ. ಜೀರಿಗೆ ಬೆಲ್ಲ ಇಡುವುದು ನೆತ್ತಿಯ ಮೇಲೇ ಅನ್ನುವುದು ನೆನಪಿರಲಿ. ಅಲ್ಲಿ ಕಷ್ಟಪಟ್ಟು ಕೂರಿಸಿದ ಅಲೆ, ಸುರುಳಿ ಎಲ್ಲ ಬೆಲ್ಲದ ಅಂಟಿಗೆ ಸಿಕ್ಕಿಕೊಳ್ಳುತ್ತದೆ. ಅಲಂಕಾರ ಏನಿದ್ದರೂ ಅದಕ್ಕಿಂತ ಹಿಂದೆ ಅಥವಾ ಪಕ್ಕಕ್ಕೆ.

ಚೌಕ ಮುಖದಲ್ಲಿ ನಾನು ಜುಮಕಿಯ ಉದ್ದ ನೋಡುತ್ತೇನೆ. ಜುಮಕಿ ಸರಿಯಾಗಿ ದವಡೆಯ ಮೂಲೆಗೇ ಬಂದು ನಿಂತರೆ ನೋಡುವವರ ಕಣ್ಣೂ ಅಲ್ಲೇ ನಿಲ್ಲುತ್ತದೆ, ದವಡೆ ಇನ್ನೂ ಅಗಲ ಕಾಣುತ್ತದೆ. ಒಂದೋ ಅದಕ್ಕಿಂತ ಮೇಲೆ ಮುಗಿಯಬೇಕು, ಇಲ್ಲಾ ಕೆಳಗಿಳಿಯಬೇಕು. ಅಜ್ಜಿಯ ಕಾಲದ ಜುಮಕಿ, ಹಾಕಲೇಬೇಕು ಅಂದರೆ ಮಾಟಿಯನ್ನು ಬಿಗಿ ಮಾಡಿ ಸ್ವಲ್ಪ ಮೇಲೆತ್ತುತ್ತೇನೆ. ಕಿವಿಗೆ ಭಾರವೂ ಕಮ್ಮಿ.

ಈಗ ಮೇಕಪ್. ಹಿಂದಿನ ದಿನದ ಅರಿಶಿನ ಶಾಸ್ತ್ರ ನಮ್ಮ ದೊಡ್ಡ ಸವಾಲು. ಟ್ರಯಲ್‌ನಲ್ಲಿ ಹೊಂದಿದ ಫೌಂಡೇಶನ್ ಮದುವೆ ಬೆಳಿಗ್ಗೆ ಹಳದಿ ಹತ್ತಿದ ಮುಖಕ್ಕೆ ಹೊಂದುವುದಿಲ್ಲ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಕಡಲೆ ಹಿಟ್ಟಿನಲ್ಲಿ ತೊಳೆದುಕೊಳ್ಳಲು ಹೇಳುತ್ತೇನೆ. ಬಣ್ಣವನ್ನು ಕೈ ಮೇಲೆ ಹಚ್ಚಿ ನೋಡುವುದಿಲ್ಲ, ದವಡೆಯಿಂದ ಕತ್ತಿಗೆ ಎಳೆದು ನೋಡುತ್ತೇನೆ.

"ಸ್ವಲ್ಪ ಬೆಳ್ಳಗೆ ಮಾಡಿಬಿಡಿ ಮೇಡಂ" ಅನ್ನುವ ಅತ್ತೆ, ಚಿಕ್ಕಮ್ಮಂದಿರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಅವರಿಗೆ ನಾನು ಬಣ್ಣದ ಬಗ್ಗೆ ಭಾಷಣ ಮಾಡುವುದಿಲ್ಲ. ಆಕಾರದ ಮಾತು ಹೇಳುತ್ತೇನೆ: ತಿಳಿ ಬಣ್ಣ ಮುಖವನ್ನು ಅಗಲ ಮಾಡುತ್ತದೆ ಆಂಟಿ, ಹುಡುಗಿ ದಪ್ಪ ಕಾಣುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಇದು ಬರೀ ನೆವ ಅಲ್ಲ, ನಿಜವೇ. ತಿಳಿ ಜಾಗ ಮುಂದೆ ಬರುತ್ತದೆ, ಗಾಢ ಜಾಗ ಹಿಂದೆ ಹೋಗುತ್ತದೆ. ಕಾಂಟೂರ್ ಅನ್ನುವುದು ಇಷ್ಟೇ.

ಕಾಂಟೂರಿಗೆ ಚರ್ಮಕ್ಕಿಂತ ಎರಡು ಶೇಡ್ ಗಾಢ ಸಾಕು. ಕೇಸರಿ ಛಾಯೆ ಇರುವ ಕಂದು ತೆಗೆದುಕೊಂಡರೆ ನೆರಳಿನ ಹಾಗೆ ಕಾಣದೆ ಕೊಳೆಯ ಹಾಗೆ ಕಾಣುತ್ತದೆ. ಕಪ್ಪು, ಗೋಧಿ ಬಣ್ಣದ ಹುಡುಗಿಯರಲ್ಲಿ ನಾನು ಗಾಢ ಬಣ್ಣವನ್ನು ಕಮ್ಮಿ ಬಳಸುತ್ತೇನೆ. ಬದಲಿಗೆ ಕಣ್ಣಿನ ಕೆಳಗೆ, ಮೂಗಿನ ಗೆರೆಗೆ, ಗಲ್ಲದ ನಡುವೆ ಒಂದು ಶೇಡ್ ತಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮು) ಇಟ್ಟರೆ ಅಂಚು ತಾನಾಗಿಯೇ ಹಿಂದೆ ಸರಿಯುತ್ತದೆ. ಬೆಳಗಿನ ಬಿಸಿಲಿಗೂ ಅದೇ ಸಹಜ.

ಬ್ಲಶ್ ದುಂಡು ಮುಖಕ್ಕೆ ಕೆನ್ನೆಯಿಂದ ಕಿವಿಯ ಮೇಲ್ಭಾಗಕ್ಕೆ ಓರೆಯಾಗಿ, ಕೋಲು ಮುಖಕ್ಕೆ ಅಡ್ಡಲಾಗಿ. ಹುಬ್ಬು ದುಂಡು ಮುಖಕ್ಕೆ ಸ್ವಲ್ಪ ಕಮಾನು, ಕೋಲು ಮುಖಕ್ಕೆ ಹೆಚ್ಚು ನೇರ. ಥ್ರೆಡಿಂಗ್ ಮೂರು ನಾಲ್ಕು ದಿನ ಮುಂಚೆಯೇ ಮುಗಿಸಿರಿ, ದಯವಿಟ್ಟು ತೆಳ್ಳಗೆ ಮಾಡಿಸಬೇಡಿ. ದಾರದಂಥ ಹುಬ್ಬಿನ ಕೆಳಗೆ ಸಣ್ಣ ಕೆನ್ನೆಯೂ ದೊಡ್ಡದಾಗಿ ಕಾಣುತ್ತದೆ. ಬೊಟ್ಟು ಸಣ್ಣದಾದರೂ ಅದರ ಕೆಲಸ ದೊಡ್ಡದು: ದುಂಡು ಮುಖಕ್ಕೆ ಉದ್ದ ತಿಲಕ, ಕೋಲು ಮುಖಕ್ಕೆ ದುಂಡು ಬೊಟ್ಟು. ಹಣೆ ಚಿಕ್ಕದಿದ್ದರೆ ಹುಬ್ಬುಗಳ ನಡುವೆಯೇ ಇಡಿ, ದೊಡ್ಡದಿದ್ದರೆ ತುಸು ಮೇಲೆ. ಹೋಮದ ಹೊಗೆಗೆ ಕಣ್ಣಲ್ಲಿ ನೀರು ಬರುವುದು ಖಂಡಿತ, ಆದ್ದರಿಂದ ಕಾಡಿಗೆ ವಾಟರ್‌ಪ್ರೂಫ್ ಇರಲಿ.

ಎಲ್ಲರನ್ನೂ ಮೊಟ್ಟೆ ಆಕಾರಕ್ಕೆ ತರುವ ಹಟ ನನಗಿಲ್ಲ. ಗಟ್ಟಿ ದವಡೆಯ ಹುಡುಗಿಯರು ರೇಷ್ಮೆ ಸೀರೆಯಲ್ಲಿ ಎಷ್ಟು ಗತ್ತಾಗಿ ಕಾಣುತ್ತಾರೆ! ಅದನ್ನು ಕಂದು ಬಣ್ಣದಲ್ಲಿ ಅಳಿಸುವುದು ನನಗೆ ಸರಿ ಬರುವುದಿಲ್ಲ. ಅವರೇ ಬೇಕು ಅಂದರೆ ಮಾತ್ರ ಮಾಡುತ್ತೇನೆ, ಅದೂ ಆರತಕ್ಷತೆಗೆ.

ಟ್ರಯಲ್‌ಗೆ ಬರುವವರು ಇಷ್ಟು ತನ್ನಿ: ಮುಹೂರ್ತಕ್ಕೆ ಹಾಕುವ ಜುಮಕಿ, ಮಾಟಿ, ಬೈತಲೆ ಬೊಟ್ಟು, ಬಾಸಿಂಗ ಕಟ್ಟುವುದಾದರೆ ಅದರ ಅಳತೆ ಅಥವಾ ಅಕ್ಕನ ಮದುವೆಯ ಫೋಟೋ. ಕನ್ನಡಕ ಹಾಕುವವರು ಅದನ್ನೂ ತನ್ನಿ, ಏಕೆಂದರೆ ಫ್ರೇಮಿನ ಮೇಲೆ ಹುಬ್ಬು ಎಷ್ಟು ಕಾಣುತ್ತದೆ ಅಂತ ನೋಡಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಹೂವಿನವರಿಗೆ ಜಡೆ ಹೇಳುವ ಮುಂಚೆ ಒಂದು ಸಲ ನನಗೆ ಫೋನ್ ಮಾಡಿ, ಉದ್ದ ಎಷ್ಟು ಅಂತ ನಾನೇ ಅವರ ಹತ್ತಿರ ಮಾತಾಡುತ್ತೇನೆ.