ನೀರು ಬರುವ ದಿನದ ನಾಟಕ

2017ರಲ್ಲಿ ಪತಿಯ ನೌಕರಿಯ ನಿಮಿತ್ತ ಜೋರ್ಡಾನಿನ ರಾಜಧಾನಿ ಅಮ್ಮಾನಿಗೆ ಹೋದಾಗ ನನ್ನ ಬಳಿ ಇದ್ದದ್ದು ಧಾರವಾಡದ ಓಣಿಗಳಲ್ಲಿ ಹತ್ತು ವರ್ಷ ಬೀದಿನಾಟಕ ಆಡಿದ ಅನುಭವ ಮತ್ತು ಆರು ತಿಂಗಳು ಕಲಿತ ಅರೆಬರೆ ಅರಬ್ಬಿ. ನಗರದ ಪೂರ್ವ ಭಾಗದ ಗುಡ್ಡವೊಂದರ ಮೇಲಿದ್ದ ಮಹಿಳಾ ಕೇಂದ್ರದಲ್ಲಿ ವಾರಕ್ಕೆರಡು ಮಧ್ಯಾಹ್ನ ನಾಟಕ ಕಲಿಸಲು ಒಪ್ಪಿಕೊಂಡೆ. ಜೋರ್ಡಾನಿನ ಸಿರಿಯನ್ ನಿರಾಶ್ರಿತರೆಂದರೆ ನಮಗೆ ನೆನಪಾಗುವುದು 2012ರಲ್ಲಿ ತೆರೆದ ಝಾತರಿ ಶಿಬಿರ. ಆದರೆ ಅವರಲ್ಲಿ ಹೆಚ್ಚಿನವರು ಶಿಬಿರಗಳ ಹೊರಗೆ, ಊರುಗಳ ಬಾಡಿಗೆ ಮನೆಗಳಲ್ಲಿಯೇ ವಾಸವಾಗಿದ್ದರು. ನಮ್ಮ ಗುಂಪಿನ ಹದಿನಾಲ್ಕು ಹೆಂಗಸರಲ್ಲಿ ಅರ್ಧದಷ್ಟು ಜನ ದಕ್ಷಿಣ ಸಿರಿಯಾದ ದರಾ ಕಡೆಯಿಂದ ಬಂದವರು. ಉಳಿದವರು ಅದೇ ಗುಡ್ಡದವರು. ಅವರೂ 1948ರಲ್ಲಿ ಪ್ಯಾಲೆಸ್ಟೀನನ್ನು ಬಿಟ್ಟು ಬಂದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು. ಹೊಸ ನಿರಾಶ್ರಿತರಿಗೆ ಹಳೆಯ ನಿರಾಶ್ರಿತರೇ ಮನೆ ಮಾಲೀಕರಾಗಿದ್ದರು.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಶುದ್ಧ ತಪ್ಪು. ಹಣ ಕೊಟ್ಟವರು ಬಾಲ್ಯವಿವಾಹದ ವಿಷಯವನ್ನು ಸೂಚಿಸಿದ್ದರು, ನಾನು ಊರಿನ ಅಭ್ಯಾಸದಂತೆ ನಾಟಕವನ್ನು ಬರೆದು ತಂದೆ. ಅವರು ಮಾತುಗಳನ್ನು ಕಂಠಪಾಠ ಮಾಡಿ, ಚೊಕ್ಕಟವಾಗಿ ಒಪ್ಪಿಸಿ, ಏಲಕ್ಕಿ ಹಾಕಿದ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು. ಹಲವು ಸಂಸ್ಥೆಗಳ ತರಬೇತಿಗಳನ್ನು ಕಂಡಿದ್ದ ಅವರಿಗೆ ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಬಂದವರಿಗೆ ಸಮಾಧಾನವಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ಮಾತನ್ನು ಅನುವಾದಿಸುತ್ತಿದ್ದ ಸಹೋದ್ಯೋಗಿಯೇ ಒಂದು ದಿನ ಮುನೀರ್ ಫಾಶೆಯವರ ಹೆಸರನ್ನು ಹೇಳಿದಳು. ಗಣಿತದ ಅಧ್ಯಾಪಕರಾಗಿದ್ದ ಅವರು ಮೊದಲ ಇಂತಿಫಾದಾದ, ಅಂದರೆ ಇಸ್ರೇಲಿ ಆಳ್ವಿಕೆಯ ವಿರುದ್ಧ ಪ್ಯಾಲೆಸ್ಟೀನಿಯರು ಎದ್ದ ದಂಗೆಯ, ಕಾಲದಲ್ಲಿ, ಇಸ್ರೇಲಿ ಸೇನೆ ಪ್ಯಾಲೆಸ್ಟೀನಿನ ಶಾಲೆಗಳನ್ನು ಮುಚ್ಚಿಸಿದ್ದಾಗ, ಸಮುದಾಯ ಶಿಕ್ಷಣಕ್ಕಾಗಿ 1989ರಲ್ಲಿ ತಾಮೆರ್ ಸಂಸ್ಥೆಯನ್ನು ಕಟ್ಟಿದವರು. ಓದುಬರಹ ಬಾರದ ತಮ್ಮ ತಾಯಿ ಬಟ್ಟೆ ಕತ್ತರಿಸಿ ಹೊಲಿಯುವಾಗ ಬಳಸುತ್ತಿದ್ದ ಗಣಿತ ತಮಗೆ ಅರ್ಥವೇ ಆಗಿರಲಿಲ್ಲ ಎಂದು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಯಾರೂ ಗುರುವಲ್ಲದೆ ಜನ ಒಟ್ಟಿಗೆ ಕೂತು ಕಲಿಯುವುದಕ್ಕೆ ಅವರು ಬಳಸುವ ಪದ ‘ಮುಜಾವರ’. ‘ಜಾರ್’ ಎಂದರೆ ನೆರೆಯವ. ನಮ್ಮ ನೆರೆಹೊರೆಯೇ ಅದು. ಇದನ್ನು ಕೇಳಿದ ಮೇಲೆ ನನ್ನ ಬರಹದ ಹಾಳೆಗಳನ್ನು ಮತ್ತೆ ತರಲಿಲ್ಲ.

ವಿಷಯ ತಾನಾಗಿಯೇ ಸಿಕ್ಕಿತು. ಬುಧವಾರಗಳಂದು ಹೆಂಗಸರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಕಾರಣ ಕೇಳಿದರೆ, ಅಂದು ನೀರಿನ ಸರದಿ. ಅಮ್ಮಾನಿನ ಬಹುಪಾಲು ಬಡಾವಣೆಗಳಿಗೆ ನೀರು ಬರುವುದು ವಾರಕ್ಕೊಮ್ಮೆ ಮಾತ್ರ. ಅಷ್ಟರಲ್ಲಿ ತಾರಸಿಯ ಟ್ಯಾಂಕು ತುಂಬದಿದ್ದರೆ ಟ್ಯಾಂಕರಿನವನಿಗೆ ದುಡ್ಡು ತೆರಬೇಕು. ನಾನು ನಕ್ಕುಬಿಟ್ಟೆ. ‘ನಳ ಬಂತೇನ್ರೀ’ ಎಂದು ಓಣಿಯಲ್ಲಿ ಕೂಗಿ, ನಡುರಾತ್ರಿ ಕೊಡ ತುಂಬಿದ ಧಾರವಾಡದವಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅಂದು ನಾನು ನಮ್ಮೂರಿನ ನೀರಿನ ಜಗಳಗಳನ್ನು ಹೇಳಿದೆ, ಅವರು ತಮ್ಮವನ್ನು ಹೇಳಿದರು, ಮತ್ತು ಮೊದಲ ಬಾರಿಗೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡಿದರು.

ಮುಂದಿನ ಆರು ವಾರ ನಾವು ಬ್ರೆಜಿಲಿನ ಅಗಸ್ಟೊ ಬೊಆಲ್ ರೂಪಿಸಿದ ಫೋರಂ ರಂಗಭೂಮಿಯ ಕ್ರಮವನ್ನು ಅನುಸರಿಸಿದೆವು. ಅದರಲ್ಲಿ ಚಿಕ್ಕ ನಾಟಕವೊಂದನ್ನು ನಾಯಕಿಯ ಸೋಲಿನವರೆಗೂ ಆಡಿ, ಮತ್ತೆ ಮೊದಲಿಂದ ಆಡುತ್ತಾರೆ. ಎರಡನೆಯ ಸಲ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ನಾಯಕಿಯ ಜಾಗದಲ್ಲಿ ನಿಂತು, ಬೇರೊಂದು ದಾರಿಯನ್ನು ಪ್ರಯತ್ನಿಸಬಹುದು. ನಡೆಸಿಕೊಡುವವರನ್ನು ಅರಬ್ಬಿಯಲ್ಲೂ ‘ಜೋಕರ್’ ಎಂದೇ ಕರೆಯುತ್ತಾರೆ. ಆ ಜೋಕರ್ ಉತ್ತರ ಹೇಳುವಂತಿಲ್ಲ, ‘ನಿಮ್ಮ ಮನೆಯಲ್ಲಿ ಇದು ನಡೆದೀತೆ?’ ಎಂದು ಕೇಳಬೇಕಷ್ಟೆ. ಬೀದಿನಾಟಕದ ಕೊನೆಗೆ ಘೋಷಣೆ ಕೂಗಿ ರೂಢಿಯಾದ ನನ್ನ ನಾಲಗೆಗೆ ಇದು ಸುಲಭವಾಗಿರಲಿಲ್ಲ.

ಹೆಂಗಸರ ಷರತ್ತು ಎರಡಿತ್ತು: ಪ್ರೇಕ್ಷಕರು ಹೆಂಗಸರೇ ಆಗಿರಬೇಕು, ಫೋಟೊ ಕೂಡದು. ಹಣ ಕೊಟ್ಟವರಿಗೆ ಎರಡನೆಯದು ರುಚಿಸಲಿಲ್ಲ. ನಾಟಕದಲ್ಲಿ ಕೆಳಮನೆಯ ಮಾಲೀಕ ತನ್ನ ಟ್ಯಾಂಕು ತುಂಬಿ ತುಳುಕುವವರೆಗೂ ಮೇಲ್ಮನೆಯ ಬಾಡಿಗೆದಾರಳ ವಾಲ್ವನ್ನು ಮುಚ್ಚಿಡುತ್ತಾನೆ. ದರಾದ ಹೊಲಿಗೆಯವಳೊಬ್ಬಳು ಗಂಡನ ಕೋಟು ತೊಟ್ಟು, ಕೈಯಲ್ಲಿ ಜಪಮಾಲೆ ತಿರುಗಿಸುತ್ತ, ಒಂದು ಮಾತೂ ಆಡದೆ ವಾಲ್ವ್ ತಿರುಗಿಸಿದ ರೀತಿಗೆ ಅರ್ಧ ಕೋಣೆ ಬಿದ್ದು ಬಿದ್ದು ನಕ್ಕಿತು. ಉಳಿದರ್ಧ ನಗಲಿಲ್ಲ. ಒಬ್ಬಳು ಎದ್ದು ಬಂದು ಮಾಲೀಕನಿಗೆ ದಬಾಯಿಸಿದಳು, ‘ನಡೆದೀತೆ?’ ಎಂದದ್ದಕ್ಕೆ ‘ನಾಳೆಯೇ ಮನೆ ಖಾಲಿ ಮಾಡಿಸುತ್ತಾರೆ’ ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. ಇನ್ನೊಬ್ಬಳು ಮಾಲೀಕನನ್ನು ಬಿಟ್ಟು ಅವನ ಹೆಂಡತಿಗೆ ಒಂದು ತಟ್ಟೆ ತಿಂಡಿ ಒಯ್ದಳು. ಅದು ನಡೆದೀತು ಎಂದು ಹಲವರು ಒಪ್ಪಿದರು, ಕೆಲವರು ಅದು ಅವಮಾನವೆಂದರು, ಆ ವಾದ ಸಂಜೆಯವರೆಗೂ ಮುಗಿಯಲಿಲ್ಲ.

ಗುಂಪಿನಲ್ಲಿದ್ದ ಮನೆಯೊಡತಿಯೊಬ್ಬಳು ಮಾತ್ರ ಅಂದಿನಿಂದ ಬರುವುದನ್ನು ಬಿಟ್ಟಳು. ಪೀಡಕ ಇತ್ತ, ಪೀಡಿತೆ ಅತ್ತ ಎಂಬ ಬೊಆಲ್ ಅವರ ವಿಂಗಡಣೆ ಒಂದೇ ಮೆಟ್ಟಿಲು ಹತ್ತಿಳಿಯುವವರ ನಡುವೆ ಗಾಯವನ್ನೂ ಮಾಡಬಲ್ಲದು ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಅವಳ ಮನೆಗೆ ಹೋದೆ, ಕಾಫಿ ಕುಡಿದೆ, ನಾಟಕದ ವಿಚಾರವನ್ನು ಇಬ್ಬರೂ ಎತ್ತಲಿಲ್ಲ.

ನಾಲ್ಕನೆಯ ವಾರ ಅವಳು ತಾನಾಗಿಯೇ ಬಂದು, ‘ಮಾಲೀಕರ ಪಾತ್ರ ಮಾಡಲು ನಿಮಗ್ಯಾರಿಗೂ ಬರುವುದಿಲ್ಲ, ಸರಿಯಿರಿ’ ಎಂದು ಕೋಟನ್ನು ಕೇಳಿ ತೊಟ್ಟಳು. ವಾಲ್ವಿನ ಮುಂದೆ ನಿಂತು ಬಹಳ ಹೊತ್ತು ಲೆಕ್ಕ ಹಾಕಿದಳು: ಮದುವೆಯಾದ ಇಬ್ಬರು ಗಂಡುಮಕ್ಕಳು, ಏಳು ಮೊಮ್ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಐದನೆಯ ದಿನಕ್ಕೆ ತಳ ಕಾಣುವ ಟ್ಯಾಂಕು. ಆಮೇಲೆ ವಾಲ್ವನ್ನು ಮುಚ್ಚಿದಳು. ‘ನಿಲ್ಲಿಸಿ’ ಎಂದು ಯಾರೂ ಕೂಗಲಿಲ್ಲ. ಕೊನೆಗೆ ಹೊಲಿಗೆಯವಳು ಅವಳ ಪಕ್ಕಕ್ಕೆ ಹೋಗಿ ನಿಂತು, ಮೇಲ್ಮನೆಯ ಲೆಕ್ಕವನ್ನು ಶುರುಮಾಡಿದಳು.